ಆಫರ್ ಲೆಟರ್ ಕೊಟ್ಟು ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ

ಕೆಲಸ ಹುಡುಕುತ್ತಿದ್ದ ಅಭ್ಯರ್ಥಿಯೊಬ್ಬರ ಹಣ ಮತ್ತು ದಾಖಲೆ ಎರಡೂ ಹೇಗೆ ಕೈತಪ್ಪಿದವು ಎಂಬುದನ್ನು ಹಂತಹಂತವಾಗಿ ಇಲ್ಲಿ ಬರೆದಿದೆ. ಯಾರ ಹೆಸರೂ ಬೇಡ. ಈ ಮೋಸ ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ನಡೆಯುತ್ತದೆ. ಕ್ರಮ ಗೊತ್ತಿದ್ದರೆ ಅರ್ಧ ದಾರಿಯಲ್ಲೇ ಹಿಂದೆ ಸರಿಯಬಹುದು.

ಜಾಬ್ ಪೋರ್ಟಲ್‌ನಲ್ಲಿ ರೆಸ್ಯೂಮೆ ಹಾಕಿದ್ದ ಅವರಿಗೆ ದೊಡ್ಡ ಕಂಪನಿಯೊಂದರ ಎಚ್‌ಆರ್ ಎಂದು ಹೇಳಿಕೊಂಡವರಿಂದ ವಾಟ್ಸ್ಆ್ಯಪ್ ಮೆಸೇಜ್ ಬಂತು. ಮನೆಯಿಂದಲೇ ಕೆಲಸ, ಆ ಹುದ್ದೆಗೆ ಸಾಮಾನ್ಯವಾಗಿ ಸಿಗುವುದಕ್ಕಿಂತ ಹೆಚ್ಚು ಸಂಬಳ. ಸಂದರ್ಶನ ಪೂರ್ತಿ ಚಾಟ್‌ನಲ್ಲೇ ಮುಗಿಯಿತು. ಎದುರಿನವರ ಮುಖ ಕಾಣಲಿಲ್ಲ, ದನಿ ಕೇಳಲಿಲ್ಲ, ಕೆಲಸದ ಬಗ್ಗೆ ಗಟ್ಟಿಯಾದ ಒಂದು ಪ್ರಶ್ನೆಯೂ ಬರಲಿಲ್ಲ. ಮರುದಿನ ಲೋಗೊ, ಸೀಲು, ಸಹಿ ಎಲ್ಲ ಇದ್ದ ಆಫರ್ ಲೆಟರ್ ಬಂತು. ಜತೆಗೆ ಗೂಗಲ್ ಫಾರ್ಮ್ ಒಂದು: ಗುರುತಿನ ಚೀಟಿಯ ಎರಡೂ ಬದಿ, ಬ್ಯಾಂಕ್ ಖಾತೆಯ ವಿವರ, ಚೀಟಿ ಹಿಡಿದುಕೊಂಡ ಸೆಲ್ಫಿ. ಆಮೇಲೆ ಲ್ಯಾಪ್‌ಟಾಪ್ ಕಳಿಸಲು ಡಿಪಾಸಿಟ್, ಅದು ಮೊದಲ ಸಂಬಳದ ಜತೆ ವಾಪಸ್ ಎಂಬ ಮಾತು. ಅದನ್ನು ಕಟ್ಟಿದ ಮೇಲೆ ತರಬೇತಿ ಶುಲ್ಕ, ಅದೂ ಆದ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಶುಲ್ಕ. ಅನುಮಾನ ಬಂದು ಹಣ ವಾಪಸ್ ಕೇಳಿದಾಗ ರೀಫಂಡ್ ವಿಭಾಗದವರೆಂದು ಇನ್ನೊಬ್ಬರು ಕರೆ ಮಾಡಿದರು, ಸ್ಕ್ರೀನ್ ಶೇರ್ ಆ್ಯಪ್ ಹಾಕಿಸಿದರು. ಓಟಿಪಿ ಪರದೆಯ ಮೇಲೆ ಬಂದದ್ದೇ ತಡ, ಖಾತೆಯಲ್ಲಿ ಉಳಿದಿದ್ದ ಹಣವೂ ಹೋಯಿತು.

ಇಲ್ಲಿ ಕೇಳಿದ ಮೊದಲ ಮೊತ್ತ ಸಣ್ಣದು. ಸಣ್ಣದಾಗಿದ್ದಕ್ಕೇ ಅವರು ಹೆಚ್ಚು ಯೋಚಿಸದೆ ಕಟ್ಟಿದರು. ಒಮ್ಮೆ ಕಟ್ಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಎರಡನೆಯ ಕಂತು ಕೇಳಿದಾಗ ಮನಸ್ಸಿನಲ್ಲಿ ಕೆಲಸಕ್ಕಿಂತ ಹೆಚ್ಚಾಗಿ ಇರುವುದು ಮೊದಲು ಕಟ್ಟಿದ್ದು ಮುಳುಗಬಾರದು ಎಂಬ ಚಿಂತೆ. ವಾಪಸ್ ಕೊಡುತ್ತೇವೆ ಎನ್ನುವುದೂ ಈ ಚಿಂತೆಯನ್ನು ಜೀವಂತ ಇಡುವುದಕ್ಕೇ. ಇಂದು ಸಂಜೆಯೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಆತುರಪಡಿಸುವುದು ಮನೆಯವರನ್ನೋ ಗೆಳೆಯರನ್ನೋ ಕೇಳಲು ಸಮಯ ಸಿಗಬಾರದು ಎಂದು. ತಿಂಗಳುಗಟ್ಟಲೆ ಉತ್ತರವೇ ಬಾರದೆ ಬಸವಳಿದವರಿಗೆ ಒಂದು 'ಆಯ್ಕೆಯಾಗಿದ್ದೀರಿ' ಎಂಬ ಮಾತು ಎಷ್ಟು ದೊಡ್ಡದು ಎಂಬುದು ಮೋಸಗಾರರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಮೋಸಹೋದವರನ್ನು ದಡ್ಡರು ಎನ್ನಬೇಡಿ. ಹಾಗೆ ಅಂದಾಗಲೇ ಜನ ನಾಚಿಕೆಪಟ್ಟು ದೂರು ಕೊಡದೆ ಉಳಿಯುತ್ತಾರೆ.

ಹಣದ ವಿಷಯದಲ್ಲಿ ನಿಯಮ ಒಂದೇ: ಕೆಲಸ ಕೊಡುವವರು ಸಂಬಳ ಕೊಡಬೇಕು, ಅಭ್ಯರ್ಥಿ ಅವರಿಗೆ ಏನೂ ಕೊಡಬೇಕಾಗಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರಲ್ಲಿ ಅಂಗೀಕರಿಸಿದ 181ನೇ ಒಡಂಬಡಿಕೆಯ 7ನೇ ವಿಧಿಯೂ ಇದನ್ನೇ ಹೇಳುತ್ತದೆ: ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಲಿ ಪರೋಕ್ಷವಾಗಲಿ ಶುಲ್ಕ ಪಡೆಯಬಾರದು. ಇದಕ್ಕೆ ಸೀಮಿತ ವಿನಾಯಿತಿಗಳಿವೆ. ನೀವಿರುವ ಕಡೆ ಏಜೆನ್ಸಿ ಶುಲ್ಕಕ್ಕೆ ಕಾನೂನಿನ ಅನುಮತಿ ಇದ್ದರೆ ಪರವಾನಗಿ ಸಂಖ್ಯೆ ಕೇಳಿ, ಅದನ್ನು ಪರವಾನಗಿ ಕೊಟ್ಟ ಇಲಾಖೆಯಲ್ಲೇ ಪರಿಶೀಲಿಸಿ, ಸಂಸ್ಥೆಯ ಹೆಸರಿನ ಖಾತೆಗೆ ಮಾತ್ರ ಕಟ್ಟಿ ರಸೀದಿ ಪಡೆಯಿರಿ. ವ್ಯಕ್ತಿಯೊಬ್ಬರ ಹೆಸರಿನ ಖಾತೆಗೋ, ಗಿಫ್ಟ್ ಕಾರ್ಡ್ ಮೂಲಕವೋ, ಕ್ರಿಪ್ಟೋ ವ್ಯಾಲೆಟ್‌ಗೋ ಹಣ ಹಾಕಿ ಎಂದರೆ ಮುಂದಿನ ಮಾತೇ ಬೇಡ.

ಇನ್ನು ಇಮೇಲ್. ಹೆಚ್ಚಿನವರು ಎಡವುವುದು ಇಲ್ಲೇ. ಕಳುಹಿಸಿದವರ ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಳ್ಳಬಹುದು. ಹಾಗಾಗಿ ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ತೆರೆಯಿರಿ. 'ಅಟ್' ಚಿಹ್ನೆಯ ನಂತರದ ಭಾಗವನ್ನು ಬಲದಿಂದ ಎಡಕ್ಕೆ ಓದಿ. 'ಡಾಟ್ ಕಾಮ್'ಗೆ ತಾಗಿಕೊಂಡಿರುವ ಪದವೇ ನಿಜವಾದ ಒಡೆಯನ ಗುರುತು. 'ಕೆರಿಯರ್ಸ್ ಡಾಟ್ ಕಂಪನಿ ಡಾಟ್ ಕಾಮ್' ಎಂದಿದ್ದರೆ ಅದು ಕಂಪನಿಯದು. 'ಕಂಪನಿ ಹೈಫನ್ ಕೆರಿಯರ್ಸ್ ಡಾಟ್ ಕಾಮ್' ಎಂದಿದ್ದರೆ ಅದು ಬೇರೆಯೇ ಡೊಮೇನ್, ಅಂದರೆ ಬೇರೆಯೇ ಇಂಟರ್ನೆಟ್ ವಿಳಾಸ, ಯಾರು ಬೇಕಾದರೂ ಕೊಂಡಿರಬಹುದು. ಇಂಗ್ಲಿಷಿನ ಚಿಕ್ಕ 'ಆರ್' ಮತ್ತು 'ಎನ್' ಪಕ್ಕಪಕ್ಕ ಬಂದರೆ 'ಎಂ' ಹಾಗೆ ಕಾಣುತ್ತದೆ, 'ಎಲ್' ಜಾಗದಲ್ಲಿ 1 ಇದ್ದರೆ ಮೊಬೈಲ್ ಪರದೆಯಲ್ಲಿ ಗೊತ್ತೇ ಆಗುವುದಿಲ್ಲ. ವಿಳಾಸವನ್ನು ಕಾಪಿ ಮಾಡಿ ದೊಡ್ಡ ಅಕ್ಷರಗಳಲ್ಲಿ ನೋಡಿ. 'ರಿಪ್ಲೈ ಟು' ವಿಳಾಸ ಬೇರೆಯಿದ್ದರೆ ನಿಮ್ಮ ಉತ್ತರ ಹೋಗುವುದು ಬೇರೆಯವರಿಗೆ.

ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಡೊಮೇನ್ ಹೆಸರು ಹಾಕಿದರೆ ಸಾಮಾನ್ಯವಾಗಿ ಅದು ನೋಂದಣಿಯಾದ ದಿನಾಂಕ ಸಿಗುತ್ತದೆ. ಹಲವು ದಶಕಗಳ ಹಳೆಯ ಕಂಪನಿಯ ಡೊಮೇನ್ ಕಳೆದ ತಿಂಗಳಷ್ಟೇ ನೋಂದಣಿಯಾಗಿದ್ದರೆ ಬೇರೆ ಪುರಾವೆ ಬೇಕಿಲ್ಲ. ಜಿಮೇಲ್‌ನಲ್ಲಿ 'ಶೋ ಒರಿಜಿನಲ್' ಒತ್ತಿದರೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲಿತಾಂಶ ಕಾಣುತ್ತದೆ. ಇವು 'ಫೇಲ್' ಎಂದಿದ್ದರೆ ವಿಳಾಸವೇ ನಕಲಿ ಇರುವ ಸಾಧ್ಯತೆ ಹೆಚ್ಚು. ಆದರೆ 'ಪಾಸ್' ಎಂದಿದ್ದರೆ ನಿಶ್ಚಿಂತರಾಗಬೇಡಿ. ಆ ಮೇಲ್ ಆ ಡೊಮೇನ್‌ನಿಂದಲೇ ಬಂದಿದೆ ಎಂದಷ್ಟೇ ಅದರ ಅರ್ಥ. ಮೋಸಗಾರ ತಾನೇ ಕೊಂಡ ಡೊಮೇನ್‌ನಿಂದ ಕಳಿಸಿದರೂ ಮೂರೂ ಪಾಸ್ ಆಗುತ್ತವೆ.

ಇವೆಲ್ಲಕ್ಕಿಂತ ಬಲವಾದ ಪರೀಕ್ಷೆ ಸರಳವಾದದ್ದು. ಕಂಪನಿಯ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ, ಕೆರಿಯರ್ಸ್ ಪುಟದಲ್ಲಿ ಆ ಹುದ್ದೆ ಇದೆಯೇ ನೋಡಿ. ಅಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ, ಆಫರ್ ಲೆಟರ್‌ನ ರೆಫರೆನ್ಸ್ ಸಂಖ್ಯೆ ಮತ್ತು ಸಹಿ ಮಾಡಿದವರ ಹೆಸರು ಹೇಳಿ ಕೇಳಿ. ಲೆಟರ್‌ನಲ್ಲೇ ಅಚ್ಚಾಗಿರುವ ನಂಬರಿಗೆ ಮಾಡಿದರೆ ಎತ್ತುವವರು ಮೋಸಗಾರರೇ. ಎಚ್‌ಆರ್‌ಗೆ ವಿಡಿಯೋ ಕರೆ ಕೇಳುವುದರಲ್ಲೂ ತಪ್ಪಿಲ್ಲ. ಆದರೆ ವಿಡಿಯೋದಲ್ಲಿ ಮುಖ ತೋರಿಸಿದ ಮಾತ್ರಕ್ಕೆ ನಂಬಬೇಡಿ, ಈಗ ಅದನ್ನೂ ತಂತ್ರಾಂಶದಲ್ಲಿ ಸೃಷ್ಟಿಸುತ್ತಾರೆ.

ದಾಖಲೆ ಕೊಡುವುದು ಹಣ ಕೊಟ್ಟಷ್ಟೇ ಅಪಾಯ. ಕೆಲವೊಮ್ಮೆ ಹೆಚ್ಚೇ, ಏಕೆಂದರೆ ಪರಿಣಾಮ ತಿಂಗಳುಗಳ ನಂತರ ಕಾಣುತ್ತದೆ. ಗುರುತಿನ ಚೀಟಿ ಮತ್ತು ಸೆಲ್ಫಿ ಸೇರಿದರೆ ನಿಮ್ಮ ಹೆಸರಿನಲ್ಲಿ ಖಾತೆ ತೆರೆಯಲು, ಆನ್‌ಲೈನ್ ಸಾಲ ಎತ್ತಲು, ಸಿಮ್ ತೆಗೆಯಲು ಪ್ರಯತ್ನಿಸಬಹುದು. ರೆಸ್ಯೂಮೆಯಲ್ಲಿ ಹುಟ್ಟಿದ ದಿನಾಂಕ, ಮನೆಯ ಪೂರ್ತಿ ವಿಳಾಸ, ಗುರುತಿನ ಸಂಖ್ಯೆ ಬೇಡ. ಊರು, ಇಮೇಲ್, ಒಂದು ಫೋನ್ ನಂಬರ್ ಸಾಕು. ಬ್ಯಾಂಕ್ ವಿವರವನ್ನು ಕಂಪನಿಯನ್ನು ಖಚಿತಪಡಿಸಿಕೊಂಡು, ಒಪ್ಪಂದಕ್ಕೆ ಸಹಿಯಾದ ಮೇಲೆ ಕೊಡಿ. ಗುರುತಿನ ಚೀಟಿಯ ನಕಲು ಪ್ರತಿ ಕೊಡಲೇಬೇಕಾದಾಗ ಅದರ ಮೇಲೆ ಅಡ್ಡಲಾಗಿ, ಯಾವ ಸಂಸ್ಥೆಗೆ, ಯಾವ ಉದ್ದೇಶಕ್ಕೆ, ಯಾವ ದಿನ ಕೊಟ್ಟದ್ದು ಎಂದು ಬರೆಯಿರಿ. ಬರಹ ಫೋಟೋ ಮತ್ತು ಸಂಖ್ಯೆಯನ್ನು ತುಸು ದಾಟಿಹೋಗಲಿ, ಅಂಚಿನಲ್ಲಿದ್ದರೆ ಕತ್ತರಿಸಿಬಿಡುತ್ತಾರೆ.

ಇದೇ ಜಾತಿಯ ಇನ್ನೆರಡು ಬಲೆಗಳಿವೆ. ವಿಡಿಯೋಗೆ ಲೈಕ್ ಒತ್ತುವ, ಹೋಟೆಲಿಗೆ ರಿವ್ಯೂ ಬರೆಯುವ 'ಟಾಸ್ಕ್' ಕೆಲಸದಲ್ಲಿ ಮೊದಲು ನಿಜವಾಗಿಯೇ ಸ್ವಲ್ಪ ಹಣ ಹಾಕುತ್ತಾರೆ. ನಂತರ ಮುಂದಿನ ಹಂತಕ್ಕೆ ನೀವೇ ಹಣ ತುಂಬಬೇಕು. ಪರದೆಯಲ್ಲಿ ಲಾಭ ಬೆಳೆಯುತ್ತದೆ, ತೆಗೆಯಲು ಹೋದರೆ 'ತೆರಿಗೆ' ಕಟ್ಟಿ ಎನ್ನುತ್ತಾರೆ. 'ಪೇಮೆಂಟ್ ಪ್ರೊಸೆಸಿಂಗ್' ಕೆಲಸದಲ್ಲಿ ಬೇರೆಯವರ ಹಣ ನಿಮ್ಮ ಖಾತೆಗೆ ಬಂದು, ಕಮಿಷನ್ ಕಳೆದು ಮುಂದಕ್ಕೆ ಹೋಗುತ್ತದೆ. ಅದು ಕದ್ದ ಹಣ, ಪೊಲೀಸರು ಮೊದಲು ಬರುವುದು ಖಾತೆದಾರರ ಬಾಗಿಲಿಗೆ. ವಿದೇಶದ ಕೆಲಸವಾದರೆ ಇನ್ನೂ ಎಚ್ಚರ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ 2023ರ ವರದಿಯ ಪ್ರಕಾರ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಆನ್‌ಲೈನ್ ವಂಚನೆ ಮಾಡುವಂತೆ ಬಲವಂತಕ್ಕೆ ಸಿಲುಕಿರಬಹುದು. ಇಂಥವರಲ್ಲಿ ಅನೇಕರು ಒಳ್ಳೆಯ ಕೆಲಸದ ಜಾಹೀರಾತು ನಂಬಿ ಹೋದವರು. ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸುತ್ತೇವೆ ಎಂದರೆ ವಿಮಾನ ಹತ್ತಬೇಡಿ.

ಈಗಾಗಲೇ ಹಣ ಹೋಗಿದ್ದರೆ ಮೊದಲು ಬ್ಯಾಂಕಿಗೆ ಕರೆ ಮಾಡಿ, ವ್ಯವಹಾರದ ರೆಫರೆನ್ಸ್ ಸಂಖ್ಯೆ ಕೊಟ್ಟು ಹಣ ತಡೆಹಿಡಿಯಲು ಕೇಳಿ. ಹಣ ಕೆಲವೇ ಗಂಟೆಗಳಲ್ಲಿ ಖಾತೆಯಿಂದ ಖಾತೆಗೆ ಹಾರುವುದರಿಂದ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಸ್ಕ್ರೀನ್ ಶೇರ್ ಆ್ಯಪ್ ಹಾಕಿದ್ದರೆ ಇಂಟರ್ನೆಟ್ ಕಡಿದು ಅದನ್ನು ತೆಗೆಯಿರಿ, ಬೇರೆ ಸಾಧನದಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಫೋನ್ ನಂಬರ್, ಲಿಂಕ್, ಖಾತೆ ಸಂಖ್ಯೆ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಸೈಬರ್ ಪೊಲೀಸರಿಗೆ ದೂರು ಕೊಡಿ, ದೂರಿನ ಸಂಖ್ಯೆ ಜೋಪಾನ. ಮುಂದಿನ ತಿಂಗಳುಗಳಲ್ಲಿ ಕ್ರೆಡಿಟ್ ವರದಿ ತೆಗೆಸಿ ನಿಮಗೆ ಗೊತ್ತಿಲ್ಲದ ಸಾಲ ಇದೆಯೇ ನೋಡುತ್ತಿರಿ. ಪೋರ್ಟಲ್‌ಗೂ, ಹೆಸರು ದುರ್ಬಳಕೆಯಾದ ಕಂಪನಿಗೂ ತಿಳಿಸಿ, ಆ ಜಾಹೀರಾತು ಇಳಿಯಲಿ. ಕಳೆದ ಹಣ ಕೊಡಿಸುತ್ತೇವೆ, ಮುಂಗಡ ಶುಲ್ಕ ಕೊಡಿ ಎಂದು ವಕೀಲರ, ಅಧಿಕಾರಿಗಳ ಹೆಸರಿನಲ್ಲಿ ಕರೆಗಳು ಬರಬಹುದು. ಮೋಸಹೋದವರ ಪಟ್ಟಿಯನ್ನೂ ಮೋಸಗಾರರು ಮಾರಿಕೊಳ್ಳುತ್ತಾರೆ. ಆ ಕರೆಯ ನಂಬರನ್ನೂ ಅದೇ ದೂರಿಗೆ ಸೇರಿಸಿ.