‘ಮ್ಯಾಡ್ ವರ್ಲ್ಡ್’: ಮೂಲ ಸಿಂಗಲ್ ಮತ್ತು ಮರುಗಾಯನಗಳು

ಬ್ರಿಟನ್ನಿನ ಟಿಯರ್ಸ್ ಫಾರ್ ಫಿಯರ್ಸ್ ತಂಡದ ‘ಮ್ಯಾಡ್ ವರ್ಲ್ಡ್’ ಹಾಡನ್ನು ನನ್ನಂತೆ ಅನೇಕರು ಮೊದಲು ಕೇಳಿರುವುದು ಪಿಯಾನೊದ ನಿಧಾನಗತಿಯ ರೂಪದಲ್ಲಿ. ಹಾಗಾಗಿ 1982ರ ಮೂಲ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾದ ಹಾಡು) ಹಾಕಿದೊಡನೆ ಕೇಳಿಬರುವ ಚುರುಕಾದ ತಾಳ ಮತ್ತು ಸಿಂಥಸೈಜರ್‌ಗಳಿಂದಾಗಿ, ಬೇರೆ ಯಾವುದೋ ಹಾಡು ಹಾಕಿದೆವೇನೋ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಎರಡನ್ನೂ ಒಂದರ ಹಿಂದೊಂದರಂತೆ ಹಲವು ಸಲ ಕೇಳಿದ ಮೇಲೆ ನನ್ನ ಮತ ಮೂಲದ ಕಡೆಗೇ.

ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಪಿಜ್ಜಾ ಅಂಗಡಿಯ ಮೇಲಿನ ಮನೆಯೊಂದರಲ್ಲಿದ್ದ, ತಂಡದ ರೋಲಂಡ್ ಓರ್ಜಾಬಾಲ್, ಕಿಟಕಿಯಿಂದ ಕೆಳಗಿನ ಜನರನ್ನು ನೋಡುತ್ತ ಇದನ್ನು ಗಿಟಾರಿನ ಮೇಲೆ ಕಟ್ಟಿದರು. ಹಾಡಿದವರು ಜೊತೆಗಾರ ಕರ್ಟ್ ಸ್ಮಿತ್. ಸಾಯುವ ಕನಸುಗಳೇ ತಾನು ಕಂಡ ಒಳ್ಳೆಯ ಕನಸುಗಳು ಎಂಬ, ಕೇಳಿದವರನ್ನು ಬೆಚ್ಚಿಬೀಳಿಸುವ ಸಾಲಿನ ಹಿಂದೆ ಮನಶ್ಶಾಸ್ತ್ರಜ್ಞ ಆರ್ಥರ್ ಜಾನೊವ್ ಅವರ ಚಿಂತನೆಯ ಪ್ರಭಾವವಿದೆ. ಮೊದಲು ಬೇರೊಂದು ಹಾಡಿನ ಬಿ-ಸೈಡ್ (ತಟ್ಟೆಯ ಹಿಂಬದಿಯ ಹಾಡು) ಆಗಬೇಕಿದ್ದ ಇದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು.

ಮೂಲದ ಹೆಚ್ಚುಗಾರಿಕೆ ಇರುವುದು ಅದರ ನಿರ್ಲಿಪ್ತತೆಯಲ್ಲಿ. ಹಾಡುವವನ ಸಂಕಟಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ತಾಳ ಒಂದೇ ಸಮನೆ ಓಡುತ್ತದೆ. ಸ್ಮಿತ್ ಶಾಲೆಯ ಹಾಜರಿ ಕೂಗುವವರಂತೆ ದನಿಯಲ್ಲಿ ಏರಿಳಿತವಿಲ್ಲದೆ ಸಾಲುಗಳನ್ನು ಒಪ್ಪಿಸುತ್ತಾರೆ. ಅಂದಹಾಗೆ, ಇದರ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ಖರಹರಪ್ರಿಯ ಮೇಳದವು. ರಾಗಭಾವ ಇದೆಯೆಂದು ಹೇಳುತ್ತಿಲ್ಲ, ಸ್ವರಗಳು ಮಾತ್ರ. ಕೋರಸ್‌ನಲ್ಲಿ ಷಡ್ಜದ ಮೈನರ್ ಕಾರ್ಡಿನಿಂದ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮಧ್ಯಮದ ಮೇಜರ್ ಕಾರ್ಡಿಗೆ ಹಾಡು ಜೀಕಿದಾಗಲೆಲ್ಲ, ಧೈವತದ ಎತ್ತರದ ರೂಪವಾದ ಚತುಶ್ರುತಿ ಧೈವತ ಇಣುಕಿ, ಅಳುವಿನ ನಡುವೆ ಒಂದಿಷ್ಟು ಬೆಳಕು ಬಿಟ್ಟು ಹೋಗುತ್ತದೆ.

2001ರ ‘ಡಾನಿ ಡಾರ್ಕೊ’ ಚಿತ್ರಕ್ಕಾಗಿ ಸಂಗೀತ ಸಂಯೋಜಕ ಮೈಕೇಲ್ ಆಂಡ್ರೂಸ್ ಮತ್ತು ಗಾಯಕ ಗ್ಯಾರಿ ಜೂಲ್ಸ್ ತಾಳವನ್ನು ಪೂರ್ತಿ ತೆಗೆದುಹಾಕಿ, ಮುಖ್ಯವಾಗಿ ಪಿಯಾನೊ ಮತ್ತು ಪಿಸುದನಿಯನ್ನು ಉಳಿಸಿಕೊಂಡರು. ಅದೇ ರೂಪ 2003ರ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಹಿಡಿದು ಮೂರು ವಾರ ಅಲ್ಲೇ ನಿಂತಿತು. ಪದಗಳು ಸ್ಪಷ್ಟವಾಗಿ ಕಿವಿಗೆ ಬೀಳುವುದು ಇದರಲ್ಲೇ ಎಂಬುದನ್ನು ಒಪ್ಪಲೇಬೇಕು. ಆದರೆ ಮೊದಲ ಸ್ವರದಿಂದಲೇ ‘ಈಗ ದುಃಖಪಡಿ’ ಎಂದು ಅದು ಕೇಳುಗನ ಭುಜ ಹಿಡಿದು ಕೂರಿಸುತ್ತದೆ. ಎರಡನೆಯ ಚರಣದ ಹೊತ್ತಿಗೆ ನನಗೆ ಹೇಳಿಸಿಕೊಂಡು ಅಳುತ್ತಿರುವಂತೆ ಅನಿಸತೊಡಗುತ್ತದೆ. ಮೂಲದ ಕೊನೆಯಲ್ಲಿ ಸ್ಮಿತ್ ‘ಹಲಾರ್ಜಿಯನ್’ ಎಂಬ ಅರ್ಥವಿಲ್ಲದ ಪದವೊಂದನ್ನು ಹಾಡುತ್ತಾರೆ. ಅದು ತಮಾಷೆಗೆ ಕಲ್ಪಿಸಿಕೊಂಡ ಗ್ರಹವೊಂದರ ಹೆಸರಿನಿಂದ ಬಂದದ್ದು. ಅಂಥ ಹುಡುಗಾಟಕ್ಕೆ ಜೂಲ್ಸ್ ಅವರ ರೂಪದಲ್ಲಿ ಜಾಗವೇ ಇಲ್ಲ.

ಆಮೇಲೆ ಬಂದವರು ಬಹುಪಾಲು ಈ ಎರಡನೆಯ ದಾರಿಯನ್ನೇ ಹಿಡಿದರು. 2009ರಲ್ಲಿ ‘ಅಮೆರಿಕನ್ ಐಡಲ್’ ಎಂಬ ಟಿವಿ ಗಾಯನ ಸ್ಪರ್ಧೆಯ ವೇದಿಕೆಯಲ್ಲಿ ಆಡಂ ಲ್ಯಾಂಬರ್ಟ್ ಹಾಡಿದ್ದರಲ್ಲಿ ಕಂಠದ ಕಸುಬು ಇದೆ. 2011ರ ಸೂಸನ್ ಬಾಯ್ಲ್ ಅವರದು ಅತಿ ನಯವಾಯಿತು. ನನಗೆ ಹಿಡಿಸಿದ್ದು ಒಂದೇ: 2020ರ ಲಾಕ್‌ಡೌನ್ ದಿನಗಳಲ್ಲಿ ಕರ್ಟ್ ಸ್ಮಿತ್ ಮನೆಯಲ್ಲಿ ಕುಳಿತು, ಮಗಳ ದನಿಗೆ ದನಿ ಸೇರಿಸಿ ಹಾಡಿದ್ದು. ಅದರಲ್ಲಿ ಸಿಂಥಸೈಜರೂ ಇಲ್ಲ, ಪಿಯಾನೊವೂ ಇಲ್ಲ. ಹಾಡು ಹುಟ್ಟಿದಾಗ ಜೊತೆಗಿದ್ದ ಗಿಟಾರ್ ಒಂದೇ.