ತೆರೆಯದೇ ಮುಷ್ಕರ ಹೂಡಿದ ದಿನ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್ ಎಷ್ಟು ವಾಸಿ?

ಮೆಸೇಜಿಂಗ್ ಆ್ಯಪ್‌ಗಳ ವಿಮರ್ಶೆ ಅಂದರೆ ಸ್ಟಿಕ್ಕರು, ಥೀಮು, ವಿಡಿಯೊ ಕಾಲ್‌ನ ಮಾತೇ ಜಾಸ್ತಿ. ಐಕಾನ್ ಮೇಲೆ ಎರಡು ಸಲ ಕ್ಲಿಕ್ಕಿಸಿದ ಮೇಲೆ ಕರ್ಸರ್ ಪಕ್ಕದ ಚಕ್ರ ಎರಡು ಸುತ್ತು ತಿರುಗಿ, ಏನೂ ಆಗದೆ ಸುಮ್ಮನಾಗುತ್ತದಲ್ಲ, ಆ ಹೊತ್ತಿನಲ್ಲಿ ಯಾವ ಆ್ಯಪ್ ಎಷ್ಟು ಸಹಕರಿಸುತ್ತದೆ ಎಂದು ಕೇಳುವವರು ಕಡಿಮೆ. ಈ ವಿಮರ್ಶೆ ಅದೊಂದಕ್ಕೇ ಸೀಮಿತ. ವಿಂಡೋಸ್ ಕಂಪ್ಯೂಟರಿನಲ್ಲಿ ಈ ಮೂರು ಆ್ಯಪ್‌ಗಳು ಕೆಟ್ಟಾಗ ರಿಪೇರಿ ಎಷ್ಟು ಸುಲಭ, ರಿಪೇರಿಯ ಭರದಲ್ಲಿ ಏನೇನು ಕಳೆದುಹೋಗಬಹುದು?

ಆ್ಯಪನ್ನು ಬಯ್ಯುವ ಮೊದಲು ಅದು ನಿಜವಾಗಿ ತೆರೆದಿಲ್ಲವೇ, ತೆರೆದೂ ಕಾಣುತ್ತಿಲ್ಲವೇ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪಟ್ಟಿಯಲ್ಲಿ ಆ್ಯಪ್‌ನ ಹೆಸರು ಇದ್ದರೆ ಒಳಗೆ ಅದು ಓಡುತ್ತಲೇ ಇದೆ. ಇಂಥ ಆ್ಯಪ್‌ಗಳು ಒಂದು ಸಲಕ್ಕೆ ಒಂದೇ ಪ್ರತಿಯನ್ನು ಓಡಲು ಬಿಡುತ್ತವೆ. ನೀವು ಮತ್ತೆ ಕ್ಲಿಕ್ ಮಾಡಿದಾಗ ಹೊಸ ಪ್ರತಿ ಎದ್ದು, ಹಳೆಯದಕ್ಕೆ ‘ಕಿಟಕಿ ತೋರಿಸು’ ಎಂದು ಹೇಳಿ ತಾನು ಹೊರಟುಹೋಗುತ್ತದೆ. ಹಳೆಯದು ಹ್ಯಾಂಗ್ ಆಗಿ ಕೂತಿದ್ದರೆ ಹತ್ತು ಸಲ ಕ್ಲಿಕ್ಕಿಸಿದರೂ ಅಷ್ಟೇ. ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ಎಂಡ್ ಟಾಸ್ಕ್’ ಕೊಟ್ಟು, ಅದೇ ಹೆಸರಿನ ಬೇರೆ ಸಾಲುಗಳಿದ್ದರೆ ಅವನ್ನೂ ಮುಗಿಸಿ, ಆಮೇಲೆ ತೆರೆಯಿರಿ.

ಎರಡನೇ ಮಾನಿಟರ್ ತೆಗೆದಿಟ್ಟವರಿಗೆ ಇನ್ನೊಂದು ಫಜೀತಿ ಇದೆ. ಕಿಟಕಿ ಈಗ ಇಲ್ಲದ ಆ ಪರದೆಯ ಜಾಗದಲ್ಲೇ ತೆರೆದು ಕೂತಿರುತ್ತದೆ. ಆಲ್ಟ್-ಟ್ಯಾಬ್‌ನಲ್ಲಿ ಅದನ್ನು ಆರಿಸಿ, ವಿಂಡೋಸ್ ಕೀ, ಶಿಫ್ಟ್ ಹಿಡಿದು ಎಡ ಬಾಣ ಒತ್ತಿದರೆ ಸಾಮಾನ್ಯವಾಗಿ ಈಚೆ ಬರುತ್ತದೆ.

ಹೆಸರು ಪಟ್ಟಿಯಲ್ಲಿ ಒಂದು ಕ್ಷಣ ಮಿಂಚಿ ಮಾಯವಾದರೆ ಅದು ನಿಜವಾದ ಕ್ರ್ಯಾಶ್. ಆಗ ಊಹೆ ಬೇಡ, ವಿಂಡೋಸ್ ತನ್ನ ತಪ್ಪುಗಳನ್ನು ದಾಖಲಿಸಿಡುವ ‘ಈವೆಂಟ್ ವ್ಯೂವರ್’ ತೆರೆಯಿರಿ. ‘ವಿಂಡೋಸ್ ಲಾಗ್ಸ್’ ಒಳಗೆ ‘ಅಪ್ಲಿಕೇಶನ್’ ಆರಿಸಿ, ನೀವು ಕ್ಲಿಕ್ ಮಾಡಿದ ಸಮಯಕ್ಕೆ ಹೊಂದುವ ಕೆಂಪು ಗುರುತಿನ, ಈವೆಂಟ್ ಐಡಿ 1000 ಇರುವ ಸಾಲನ್ನು ಹುಡುಕಿ. ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್ ನೇಮ್’ (ಎಡವಿದ ಫೈಲಿನ ಹೆಸರು) ಎಂಬ ಒಂದು ಸಾಲು ಓದಿದರೆ ಅರ್ಧ ಕೆಲಸ ಮುಗಿಯಿತು. ಅಲ್ಲಿ ಗ್ರಾಫಿಕ್ಸ್ ಕಾರ್ಡಿನ ಫೈಲ್ ಹೆಸರಿದ್ದರೆ ಅದರ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು ಅಥವಾ ಹಿಂದಿನ ಆವೃತ್ತಿಗೆ ಮರಳಬೇಕು. ಆ್ಯಂಟಿವೈರಸ್‌ನ ಫೈಲ್ ಇದ್ದರೆ ಅದರಲ್ಲಿ ಈ ಆ್ಯಪ್‌ಗೆ ವಿನಾಯಿತಿ ಕೊಡಬೇಕು. ವಿಸಿ ರನ್‌ಟೈಮ್ ಫೈಲೇ (ಆ್ಯಪ್ ಓಡಲು ಬೇಕಾದ ಮೈಕ್ರೋಸಾಫ್ಟ್‌ನ ಸಹಾಯಕ ಫೈಲ್) ಇಲ್ಲ ಎಂಬ ಸಂದೇಶ ಪರದೆ ಮೇಲೆ ಬಂದರೆ ಮೈಕ್ರೋಸಾಫ್ಟ್‌ನ ತಾಣದಿಂದಲೇ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕಿಕೊಳ್ಳಿ. ಆ ಒಂದು ಡಿಎಲ್‌ಎಲ್ ಫೈಲ್ ಮಾತ್ರ ಕೊಡುತ್ತೇವೆ ಎನ್ನುವ ತಾಣಗಳ ಕಡೆ ತಲೆಹಾಕಬೇಡಿ.

ಇಷ್ಟು ಮೂರಕ್ಕೂ ಸಮಾನ. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ, ಏಕೆಂದರೆ ನಿಮ್ಮ ಸಂದೇಶಗಳು ಎಲ್ಲಿ ಕೂತಿವೆ ಎಂಬುದು ಒಂದೊಂದರಲ್ಲಿ ಒಂದೊಂದು ಥರ. ಏನನ್ನು ಧೈರ್ಯವಾಗಿ ಅಳಿಸಬಹುದು ಎಂಬುದು ಅದರ ಮೇಲೆ ನಿಂತಿದೆ.

ರಿಪೇರಿಗೆ ಅತ್ಯಂತ ಸಲೀಸು ಟೆಲಿಗ್ರಾಂ. ಚಾಟ್‌ಗಳು ಸರ್ವರಿನಲ್ಲಿರುತ್ತವೆ, ಕಂಪ್ಯೂಟರಿನಲ್ಲಿರುವುದು ಲಾಗಿನ್ ಮಾಹಿತಿ, ಕ್ಯಾಶ್ (ಬೇಗ ತೋರಿಸಲೆಂದು ಇಟ್ಟುಕೊಂಡ ತಾತ್ಕಾಲಿಕ ನಕಲು), ಒಂದಿಷ್ಟು ಸೆಟ್ಟಿಂಗು. ಅವೆಲ್ಲ ‘ಟಿಡೇಟಾ’ ಎಂಬ ಒಂದೇ ಫೋಲ್ಡರಿನಲ್ಲಿ. ತಾಣದಿಂದ ಇಳಿಸಿಕೊಂಡ ಆವೃತ್ತಿಯಾದರೆ ಅದು ನಿಮ್ಮ ಖಾತೆಯ ‘ಆಪ್‌ಡೇಟಾ’, ‘ರೋಮಿಂಗ್’ ಒಳಗಿನ ‘ಟೆಲಿಗ್ರಾಂ ಡೆಸ್ಕ್‌ಟಾಪ್’ನಲ್ಲಿ ಸಿಗುತ್ತದೆ. ಆ್ಯಪನ್ನು ಪೂರ್ತಿ ಮುಚ್ಚಿ, ಫೋಲ್ಡರನ್ನು ಅಳಿಸದೆ ಹೆಸರು ಮಾತ್ರ ಬದಲಿಸಿ, ಮತ್ತೆ ತೆರೆಯಿರಿ. ಲಾಗಿನ್ ಪುಟ ಬಂದರೆ ಕೆಟ್ಟಿದ್ದು ಆ ಫೋಲ್ಡರೇ. ಫೋನ್ ಕೈಯಲ್ಲಿರಲಿ, ಕೋಡ್ ಬರುವುದು ಅಲ್ಲಿನ ಟೆಲಿಗ್ರಾಂಗೆ.

ಇದರ ಪೋರ್ಟಬಲ್, ಅಂದರೆ ಇನ್‌ಸ್ಟಾಲ್ ಮಾಡದೆಯೇ ಓಡುವ ಆವೃತ್ತಿ ಇನ್ನೂ ಉಪಕಾರಿ. ಜಿಪ್ ಇಳಿಸಿ, ಹೊಸ ಫೋಲ್ಡರಿಗೆ ಬಿಚ್ಚಿ, ಓಡಿಸಿ. ಅದು ತೆರೆದರೆ ತಪ್ಪು ಹಳೆಯ ಇನ್‌ಸ್ಟಾಲಿನದು. ಅದೂ ತೆರೆಯದಿದ್ದರೆ ಡ್ರೈವರನ್ನೋ ಆ್ಯಂಟಿವೈರಸ್ಸನ್ನೋ ವಿಚಾರಿಸಬೇಕು. ಎರಡೇ ನಿಮಿಷದಲ್ಲಿ ಇಷ್ಟು ಸ್ಪಷ್ಟ ಉತ್ತರ ಉಳಿದೆರಡರಲ್ಲಿ ಸಿಗುವುದಿಲ್ಲ. ಕೊರತೆಯೂ ಇದೆ: ಗ್ರಾಫಿಕ್ಸ್ ವೇಗವರ್ಧನೆಯನ್ನು (ಪರದೆ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುವುದು) ನಿಲ್ಲಿಸುವ ಆಯ್ಕೆ ಇರುವುದು ಆ್ಯಪ್ ಒಳಗಿನ ಸೆಟ್ಟಿಂಗ್ಸ್‌ನಲ್ಲಿ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ಮತ್ತೊಂದು ಎಚ್ಚರಿಕೆ, ಸಹಾಯ ಮಾಡುತ್ತೇನೆ ಎಂದವರಿಗೆಲ್ಲ ಟಿಡೇಟಾ ಕಳಿಸಬೇಡಿ. ಲೋಕಲ್ ಪಾಸ್‌ಕೋಡ್ (ಈ ಕಂಪ್ಯೂಟರಿನ ಟೆಲಿಗ್ರಾಂಗೆ ಮಾತ್ರ ಹಾಕುವ ಗುಪ್ತಪದ) ಹಾಕಿರದಿದ್ದರೆ, ಆ ಫೋಲ್ಡರ್ ಸಿಕ್ಕವರಿಗೆ ಕೋಡ್ ಇಲ್ಲದೆಯೇ ನಿಮ್ಮ ಖಾತೆ ತೆರೆಯುತ್ತದೆ.

ವಾಟ್ಸ್‌ಆ್ಯಪ್ ನಡುವಿನದು. 2022ರಲ್ಲಿ ವಿಂಡೋಸ್‌ಗೆಂದೇ ಬರೆದ ಆ್ಯಪ್ ಕೊಟ್ಟಿದ್ದರು. 2025ರ ಕೊನೆಯಲ್ಲಿ ಅದನ್ನು ಬಿಟ್ಟು, ಎಡ್ಜ್ ಬ್ರೌಸರಿನ ಎಂಜಿನ್ ಆದ ವೆಬ್‌ವ್ಯೂ2 ಮೇಲೆ ಕೂರಿಸಿದರು. ಹಾಗಾಗಿ ಖಾಲಿ ಬಿಳಿ ಕಿಟಕಿ ಬಂದರೆ ವಾಟ್ಸ್‌ಆ್ಯಪನ್ನು ಕೀಳುವ ಮೊದಲು ವೆಬ್‌ವ್ಯೂ2 ಸರಿಮಾಡಿ: ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್, ಅಲ್ಲಿ ವೆಬ್‌ವ್ಯೂ2 ರನ್‌ಟೈಮ್ ಎದುರಿನ ಮೂರು ಚುಕ್ಕಿ, ‘ಮಾಡಿಫೈ’, ‘ರಿಪೇರ್’. ಅದಕ್ಕೂ ಜಗ್ಗದಿದ್ದರೆ ಅದೇ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್‌ನ ‘ಅಡ್ವಾನ್ಸ್ಡ್ ಆಪ್ಶನ್ಸ್’ಗೆ ಹೋಗಿ ಮೊದಲು ‘ಟರ್ಮಿನೇಟ್’, ಆಮೇಲೆ ‘ರಿಪೇರ್’, ಕೊನೆಗೆ ‘ರೀಸೆಟ್’. ಈ ಕ್ರಮ ತಪ್ಪಿಸಬೇಡಿ. ರಿಪೇರ್ ಡೇಟಾ ಮುಟ್ಟುವುದಿಲ್ಲ, ರೀಸೆಟ್ ಒರೆಸಿಹಾಕುತ್ತದೆ. ಒರೆಸಿದರೂ ಮೂಲ ಪ್ರತಿ ಫೋನಿನಲ್ಲಿರುತ್ತದೆ. ಕ್ಯೂಆರ್ ಸ್ಕ್ಯಾನ್ ಮಾಡಿ ಜೋಡಿಸಿದರೆ ಇತ್ತೀಚಿನ ಮಾತುಕತೆ ಮರಳುತ್ತದೆ, ತೀರಾ ಹಳೆಯದನ್ನು ಫೋನಿನಲ್ಲೇ ನೋಡಬೇಕಾಗಬಹುದು.

ಇದು ಮೈಕ್ರೋಸಾಫ್ಟ್ ಸ್ಟೋರ್ ಮೂಲಕ ಬರುವ ಪ್ಯಾಕೇಜ್. ಅದರ ಫೋಲ್ಡರಿಗೆ ವಿಂಡೋಸೇ ಬೀಗ ಹಾಕಿರುತ್ತದೆ. ಅನುಮತಿ ಬದಲಿಸಿ ಒಳಗೆ ನುಗ್ಗುವ ಸಾಹಸ ಮಾಡಿದರೆ ಸ್ಟೋರಿನ ಬೇರೆ ಆ್ಯಪ್‌ಗಳೂ ಕೈಕೊಡಬಹುದು. ಇನ್ನು, ಫೋನನ್ನು 14 ದಿನಕ್ಕಿಂತ ಹೆಚ್ಚು ಬಳಸದಿದ್ದರೆ ಜೋಡಿಸಿದ ಸಾಧನಗಳು ಲಾಗೌಟ್ ಆಗುತ್ತವೆ. ಅದು ಕ್ಯೂಆರ್ ಪುಟ ತೋರಿಸುತ್ತದೆಯೇ ಹೊರತು ತೆರೆಯದೇ ಇರುವ ಕಾಯಿಲೆಯಲ್ಲ.

ಸಿಗ್ನಲ್‌ನಲ್ಲಿ ಮಾತ್ರ ಪ್ರತಿ ಹೆಜ್ಜೆಯನ್ನೂ ನೋಡಿಕೊಂಡು ಇಡಬೇಕು. ಸಂದೇಶಗಳ ಇತಿಹಾಸ ಕಂಪ್ಯೂಟರಿನೊಳಗೆ ಗೂಢಲಿಪೀಕರಿಸಿದ ಡೇಟಾಬೇಸ್ ಆಗಿ ಕೂತಿರುತ್ತದೆ. ಅದು ತೆರೆಯಲಾಗದಿದ್ದಾಗ ‘ಡೇಟಾಬೇಸ್ ಎರರ್’ ಎಂಬ ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಎರಡು ಮುಖ್ಯ ಆಯ್ಕೆಗಳು: ದೋಷದ ವಿವರ ನಕಲಿಸಿ ಹೊರಬರುವುದು ಒಂದು, ಡೇಟಾ ಅಳಿಸಿ ಮತ್ತೆ ಆರಂಭಿಸುವುದು ಇನ್ನೊಂದು. ಅವಸರದಲ್ಲಿದ್ದವರ ಕೈ ಎರಡನೆಯದಕ್ಕೇ ಹೋಗುತ್ತದೆ. ಆ್ಯಪ್ ತೆರೆಯುತ್ತದೆ ನಿಜ, ಆದರೆ ಆ ಕಂಪ್ಯೂಟರಿನಲ್ಲಿದ್ದ ಹಳೆಯ ಮಾತುಕತೆ ಹೋಯಿತು. ಯಾವಾಗಲೂ ಮೊದಲನೆಯದನ್ನೇ ಒತ್ತಿ. ಆಮೇಲೆ ‘ಆಪ್‌ಡೇಟಾ’, ‘ರೋಮಿಂಗ್’ ಒಳಗಿನ ‘ಸಿಗ್ನಲ್’ ಫೋಲ್ಡರನ್ನು ಇಡಿಯಾಗಿ ಬೇರೆಡೆ ನಕಲಿಸಿಟ್ಟು ಮುಂದಿನ ಪ್ರಯೋಗಕ್ಕೆ ಹೋಗಿ.

ಇಡಿಯಾಗಿ ಅಂದಿದ್ದಕ್ಕೆ ಕಾರಣವಿದೆ. ಡೇಟಾಬೇಸಿನ ಕೀಲಿ ‘ಕಾನ್ಫಿಗ್’ ಫೈಲಿನಲ್ಲಿರುತ್ತದೆ. 2024ರ ನಂತರದ ಆವೃತ್ತಿಗಳಲ್ಲಿ ಆ ಕೀಲಿಗೂ ವಿಂಡೋಸ್ ಖಾತೆಯ ಮುದ್ರೆ ಬಿದ್ದಿದೆ. ಅದನ್ನು ಬಿಡಿಸಲು ಅದೇ ಫೋಲ್ಡರಿನ ‘ಲೋಕಲ್ ಸ್ಟೇಟ್’ ಫೈಲೂ ಬೇಕು. ಕಸ ಗುಡಿಸುವ ಸಾಫ್ಟ್‌ವೇರ್ ಅದನ್ನು ಅಳಿಸಿದರೆ ಡೇಟಾಬೇಸ್ ನೆಟ್ಟಗಿದ್ದರೂ ತೆರೆಯದು. ವಿಂಡೋಸನ್ನು ಹೊಸದಾಗಿ ಹಾಕಿ ಹಳೆಯ ಫೋಲ್ಡರ್ ತಂದಿಟ್ಟರೂ ಅದೇ ಗತಿ. ಲಿನಕ್ಸ್‌ನಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪಿನಿಂದ ಗ್ನೋಮ್ ಎಂಬ ಡೆಸ್ಕ್‌ಟಾಪಿಗೆ ಹಾರಿದವರಿಗೂ ಇದೇ ತೊಂದರೆ ಬರಬಹುದು, ಹಳೆಯ ಡೆಸ್ಕ್‌ಟಾಪಿಗೆ ಮರಳಿ ಲಾಗಿನ್ ಆಗಿ ನೋಡಿ.

ಸಿಗ್ನಲ್ ಕಪ್ಪು ಅಥವಾ ಖಾಲಿ ಕಿಟಕಿ ತೋರಿಸಿದರೆ ಸಂಶಯ ಗ್ರಾಫಿಕ್ಸ್ ಮೇಲೆ. ಶಾರ್ಟ್‌ಕಟ್‌ನ ‘ಪ್ರಾಪರ್ಟೀಸ್’ಗೆ ಹೋಗಿ, ‘ಟಾರ್ಗೆಟ್’ ಸಾಲಿನ ಕೊನೆಯಲ್ಲಿ, ಉದ್ಧರಣ ಚಿಹ್ನೆ ಇದ್ದರೆ ಅದರ ಆಚೆ, ಒಂದು ಸ್ಪೇಸ್ ಬಿಟ್ಟು, ಎರಡು ಅಡ್ಡಗೆರೆ, ಡಿಸೇಬಲ್, ಒಂದು ಅಡ್ಡಗೆರೆ, ಜಿಪಿಯು ಎಂದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪಿಸಿ. ಆಗ ಸಿಗ್ನಲ್ ಗ್ರಾಫಿಕ್ಸ್ ಕಾರ್ಡಿನ ನೆರವಿಲ್ಲದೆ ತೆರೆಯುತ್ತದೆ. ಸ್ಪೇಸ್ ಬಿಡುವುದನ್ನು ಮರೆತರೆ ಶಾರ್ಟ್‌ಕಟ್ಟೇ ಕೆಲಸ ಮಾಡುವುದಿಲ್ಲ.

‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಮಾಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಒಂದು ಸಲ ಪರೀಕ್ಷೆಗೆ ಸರಿ, ಕಾಯಂ ಮಾಡಿದರೆ ಎಕ್ಸ್‌ಪ್ಲೋರರ್‌ನಿಂದ ಫೈಲ್ ಎಳೆದು ಚಾಟ್‌ಗೆ ಹಾಕುವುದು ನಿಲ್ಲುತ್ತದೆ. ತೆರೆದು ‘ಕನೆಕ್ಟಿಂಗ್’ ಎನ್ನುತ್ತಲೇ ಇದ್ದರೆ ಗಡಿಯಾರ ನೋಡಿ. ದಿನಾಂಕ ತಪ್ಪಿದ್ದರೆ ಸರ್ವರಿನ ಗುರುತಿನ ಪ್ರಮಾಣಪತ್ರವನ್ನು ಆ್ಯಪ್ ನಂಬದೇ ಹೋಗಬಹುದು.

ರಿಪೇರಿಯ ಸಲೀಸಿನಲ್ಲಿ ಟೆಲಿಗ್ರಾಂ ಮೊದಲು, ವಾಟ್ಸ್‌ಆ್ಯಪ್ ಎರಡನೆಯದು, ಸಿಗ್ನಲ್ ಕೊನೆ. ಗೋಪ್ಯತೆಯ ಲೆಕ್ಕದಲ್ಲಿ ಈ ಸಾಲು ಬೇರೆಯಾದೀತು, ಸಿಗ್ನಲ್‌ನ ಕಷ್ಟಕ್ಕೆ ಅರ್ಧ ಕಾರಣ ಅದರ ಬಿಗಿ ಬೀಗವೇ. ರಿಪೇರಿ ಮುಗಿಯುವ ತನಕ ಮೊದಲೆರಡನ್ನು ಬ್ರೌಸರಿನಲ್ಲಿ ಅವುಗಳ ವೆಬ್ ಆವೃತ್ತಿಯಿಂದ ನಡೆಸಬಹುದು. ಸಿಗ್ನಲ್‌ಗೆ ವೆಬ್ ಆವೃತ್ತಿ ಇಲ್ಲ, ಅಲ್ಲಿಯವರೆಗೆ ಫೋನೇ ಗತಿ.