ಪುಟ 272ರ ನಂತರ ಮತ್ತೆ 257

ಕಲಬುರಗಿಯ ಪಾದಚಾರಿ ಮಾರ್ಗದಲ್ಲಿ ಹರಡಿಟ್ಟ ಪುಸ್ತಕಗಳ ನಡುವೆ ಅಪರಾಧ ಕಾದಂಬರಿ ಹುಡುಕಲು ಹೊರಟವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ಅಲ್ಲಿ ನಾನು ಕೊಂಡದ್ದು ಕದ್ದು ಮುದ್ರಿಸಿದ ನಕಲು ಪ್ರತಿ. ನಾನು ಕಳೆದುಕೊಂಡದ್ದು ಬರೀ ಹಣವಾಗಿದ್ದರೆ ಬರೆಯುತ್ತಿರಲಿಲ್ಲ.

ಸರಣಿಯನ್ನು ಮೊದಲ ಪುಸ್ತಕದಿಂದಲೇ ಓದಬೇಕೆಂಬುದು ನನ್ನ ಹಟ. ಅದಕ್ಕೆ ಕಾರಣವಿದೆ. ನಾರ್ವೆಯ ಜೋ ನೆಸ್ಬೊ ಅವರ ಹ್ಯಾರಿ ಹೋಲೆ ಸರಣಿಯ ಐದನೆಯ ಪುಸ್ತಕ ಇಂಗ್ಲಿಷಿಗೆ ಬಂದದ್ದು 2005ರಲ್ಲಿ. ಮೂಲದಲ್ಲಿ 1997ರಲ್ಲೇ ಪ್ರಕಟವಾಗಿದ್ದ ಮೊದಲ ಪುಸ್ತಕ ಬಂದದ್ದು 2012ರಲ್ಲಿ. ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಓದಿ ಆ ಸರಣಿಯನ್ನು ಕೆಡಿಸಿಕೊಂಡಿದ್ದೆ. ಇನ್ನೊಂದನ್ನಾದರೂ ಕ್ರಮ ತಪ್ಪದೆ ಓದೋಣವೆಂದು, ಬೇರೊಬ್ಬ ಲೇಖಕರ ಸರಣಿಯ ಮೊದಲ ಕಾದಂಬರಿಗಾಗಿ ಒಂದು ವರ್ಷ ಕಾದಿದ್ದೆ.

ಕಳೆದ ಮೇ ತಿಂಗಳಲ್ಲಿ, ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ನೀಲಿ ತಾಡಪಾಲಿನ ಮೇಲೆ ಅದು ಕಣ್ಣಿಗೆ ಬಿತ್ತು. ಮುದ್ರಿತ ಬೆಲೆ 499 ರೂಪಾಯಿ, ಕೇಳಿದ್ದು 150. ಎರಡನೆಯ ಭಾಗವೂ ಸೇರಿ 280. ನಮ್ಮ ತಂದೆ ಬಾಡಿಗೆ ಗ್ರಂಥಾಲಯದಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ತಂದು ಓದುತ್ತಿದ್ದವರು. ಕೊನೆಯ ಹಾಳೆ ಇದೆಯೇ ಎಂದು ನೋಡದೆ ಪತ್ತೇದಾರಿ ಪುಸ್ತಕ ತರಬಾರದು ಎಂದು ನನಗೂ ಹೇಳಿಕೊಟ್ಟಿದ್ದರು. ಕೊನೆಯ ಹಾಳೆ ನೋಡಿದೆ; ಇತ್ತು. ಎರಡನ್ನೂ ಕೊಂಡೆ.

ಆ ರಾತ್ರಿ ಸೆಕೆಗೆ ನಿದ್ದೆ ಬಾರದೆ ಮಾಳಿಗೆಯ ಮೇಲೆ ಅರ್ಧ ಓದಿದೆ. ಉಳಿದದ್ದನ್ನು ಮರುದಿನ ಬೆಂಗಳೂರಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್‌ಗೆಂದು ಆಸೆಯಿಂದ ಕಾದಿಟ್ಟೆ. ವಾಡಿ ಬಂದದ್ದು ಗೊತ್ತಾಗಲಿಲ್ಲ, ಯಾದಗಿರಿ ಹೋದದ್ದು ಗೊತ್ತಾಗಲಿಲ್ಲ. ರೈಲು ಕೃಷ್ಣಾ ಸೇತುವೆಯ ಮೇಲೆ ಸದ್ದು ಮಾಡುತ್ತಿದ್ದಾಗ ನಾನು ಪುಟ 272ರಲ್ಲಿದ್ದೆ. ತನಿಖಾಧಿಕಾರಿ ಹೆಂಗಸು ಖಾಲಿ ಮನೆಯ ಹಿಂಬಾಗಿಲನ್ನು ತಳ್ಳುತ್ತಾಳೆ. ಒಳಗೆ, ಕತ್ತಲಲ್ಲಿ, ಆಕೆಗೆ ಚೆನ್ನಾಗಿ ಗೊತ್ತಿರುವ ಒಬ್ಬರು ಕುಳಿತಿದ್ದಾರೆ. ಎದುರಿನ ಪುಟಕ್ಕೆ ಹೋದೆ. ಆಕೆ ಠಾಣೆಯಲ್ಲಿ ಕಾಫಿ ಕುಡಿಯುತ್ತಿದ್ದಾಳೆ.

ಲೇಖಕರು ಕಾಲವನ್ನು ಹಿಂದಕ್ಕೆ ಒಯ್ದು ಏನೋ ಹೂಡುತ್ತಿದ್ದಾರೆ ಎಂದುಕೊಂಡು ಎರಡು ಪುಟ ಓದಿಯೂ ಬಿಟ್ಟೆ. ಆಮೇಲೆ ಪುಟದ ಅಂಕಿ ನೋಡಿದೆ. 272ರ ಎದುರಿಗೆ 257. ಅಲ್ಲಿಂದ 272ರವರೆಗೆ ಅದೇ ಹಾಳೆಗಳು ಇನ್ನೊಮ್ಮೆ. ಅದಾದ ಮೇಲೆ ನೇರವಾಗಿ 289. ಅಲ್ಲಿ ಆಸ್ಪತ್ರೆ, ಬ್ಯಾಂಡೇಜು, ಎಲ್ಲ ಮುಗಿದುಹೋಗಿದೆ.

ಪುಸ್ತಕವನ್ನು ಬಿಡಿ ಹಾಳೆಗಳಾಗಿ ಮುದ್ರಿಸುವುದಿಲ್ಲ. ದೊಡ್ಡ ಹಾಳೆಯೊಂದರ ಎರಡೂ ಬದಿಗೆ ಎಂಟೆಂಟು ಪುಟ ಮುದ್ರಿಸಿ ಮೂರು ಸಲ ಮಡಚಿದರೆ 16 ಪುಟಗಳ ಒಂದು ಫಾರಂ ಆಗುತ್ತದೆ. ನನ್ನ ಪ್ರತಿಯಲ್ಲಿ ಹದಿನೇಳನೆಯ ಫಾರಂ ಎರಡು ಸಲ ಸೇರಿತ್ತು, ಹದಿನೆಂಟನೆಯದು ಇರಲೇ ಇಲ್ಲ. ಅಸಲಿ ಪುಸ್ತಕಗಳಲ್ಲೂ ಹೀಗೆ ಆಗುವುದುಂಟು, ಆದರೆ ಅಲ್ಲಿ ಬದಲಿ ಪ್ರತಿ ಕೇಳಲು ಒಂದು ಅಂಗಡಿ, ಒಬ್ಬ ಪ್ರಕಾಶಕ ಇರುತ್ತಾರೆ.

ಇನ್ನು ನಾನು ಮಾಡಿದ ತಪ್ಪು. ಎರಡನೆಯ ಭಾಗದ ಆರಂಭದಲ್ಲಿ ಹಿಂದಿನ ಕಥೆಯ ಸುಳಿವು ಸಿಕ್ಕೀತೆಂದು ಅದನ್ನು ತೆರೆದೆ. ಮೂರನೆಯ ಪುಟದಲ್ಲೇ ಆಕೆ ಜೈಲಿಗೆ ಹೋಗಿ ಕೊಲೆಗಾರನ ಎದುರು ಕೂರುತ್ತಾಳೆ, ಹೆಸರು ಹಿಡಿದು ಮಾತನಾಡಿಸುತ್ತಾಳೆ. ಒಂದೇ ಒಂದು ಸಾಲು. ಒಂದು ವರ್ಷದ ಕಾಯುವಿಕೆ, 272 ಪುಟಗಳ ಅನುಮಾನ, ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಲೆಕ್ಕ ಎಲ್ಲವೂ ಅಲ್ಲಿಗೆ ಮುಗಿಯಿತು. ರಾಯಚೂರಿನಲ್ಲಿ ದೀಪ ಆರಿಸಿ ಮಲಗಿದೆ. ನಿಜವಾಗಿಯೂ ಕಣ್ಣಲ್ಲಿ ನೀರು ಬಂದಿತ್ತು.

ಊರಿಗೆ ಮರಳಿದ ಮೇಲೆ ಪುಸ್ತಕ ಹಿಡಿದುಕೊಂಡು ಅದೇ ಜಾಗಕ್ಕೆ ಹೋದೆ. ಹಣ ಕೊಡುವುದಿಲ್ಲ, ಬೇರೆ ಪ್ರತಿ ತೆಗೆದುಕೊಳ್ಳಿ ಎಂದರು. ಐದು ಪ್ರತಿಗಳಿದ್ದವು. ಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದನ್ನೇ ತೆರೆದೆ. ಐದರಲ್ಲೂ 272, ಮತ್ತೆ 257.

ಕೊಳ್ಳುವ ಮೊದಲು ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಹಿಂದಿನ ಪುಟದ ಅಕ್ಷರ ಢಾಳಾಗಿ ಕಂಡರೆ, ಸಾಲುಗಳು ಒಂದು ಪಕ್ಕಕ್ಕೆ ವಾಲಿದ್ದರೆ, ಮುಖಪುಟದ ಸಣ್ಣ ಅಕ್ಷರಗಳು ಮಸುಕಾಗಿದ್ದರೆ ಕೆಳಗಿಡಿ. ಪುಸ್ತಕವನ್ನು ಗುರುತಿಸುವ ಸಂಖ್ಯೆಯಾದ ಐಎಸ್‌ಬಿಎನ್ ಇದೆಯಲ್ಲ ಎಂದು ಸಮಾಧಾನ ಪಡಬೇಡಿ. ಹಿಂಬದಿಯ ರಕ್ಷಾಪುಟವನ್ನೇ ನಕಲು ಮಾಡುವವರಿಗೆ 978ರಿಂದ ಶುರುವಾಗುವ ಆ 13 ಅಂಕಿಗಳನ್ನು ನಕಲು ಮಾಡುವುದು ಕಷ್ಟವಲ್ಲ. ನನ್ನ ಪ್ರತಿಯಲ್ಲೂ ಇತ್ತು. 16ರ ಗುಣಕಗಳಾದ 32, 48, 64 ಹೀಗೆ ಫಾರಂ ಮುಗಿಯುವ ಕಡೆಗಳಲ್ಲಿ ಮುಂದಿನ ಅಂಕಿ ಸರಿಯಿದೆಯೇ ನೋಡಿ. ನೋಡಿ ಸರಿಯಿದ್ದರೂ ನಕಲು ಪ್ರತಿಯನ್ನು ಬಿಟ್ಟುಬನ್ನಿ ಎಂದೇ ಕೇಳಿಕೊಳ್ಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಸೆಕ್ಷನ್ ಇಂಥ ನಕಲಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ನನ್ನ 280 ರೂಪಾಯಿಯಲ್ಲಿ ಬರೆದವರಿಗೆ ಒಂದು ಪೈಸೆಯೂ ಹೋಗಲಿಲ್ಲ ಎಂಬುದು ನನ್ನನ್ನು ಹೆಚ್ಚು ಚುಚ್ಚುತ್ತದೆ. ಪಕ್ಕದಲ್ಲಿ ಹಳೆಯ ಪುಸ್ತಕಗಳನ್ನು ಮಾರುವವರ ಮೇಲೆ ನನ್ನ ದೂರಿಲ್ಲ. ಯಾರೋ ಓದಿ ಬಿಟ್ಟ ಅಸಲಿ ಪ್ರತಿ ಬೇರೆ, ಇದು ಬೇರೆ.

ಕೊನೆಗೆ ಅಸಲಿ ಪ್ರತಿ ತರಿಸಿ 273ರಿಂದ 288ರವರೆಗೆ ಓದಿದೆ. ಆ ಕತ್ತಲ ಕೋಣೆಯನ್ನು ಎಷ್ಟು ಚೆನ್ನಾಗಿ ಬರೆದಿದ್ದಾರೆ! ಕುಳಿತವರು ಯಾರೆಂದು ಹೇಳಲು ಒಂಬತ್ತು ಪುಟ ತೆಗೆದುಕೊಂಡಿದ್ದಾರೆ, ನನಗೆ ಮೊದಲ ಸಾಲಿಗೇ ಗೊತ್ತಿತ್ತು. ಕಚೇರಿಯ ಗೆಳತಿಯೊಬ್ಬಳು ಈಗ ಅದನ್ನು ಓದುತ್ತಿದ್ದಾಳೆ. ಎರಡನೆಯ ಭಾಗವನ್ನೂ ಕೇಳಿದಳು. ಮೊದಲನೆಯದು ಮುಗಿಯುವವರೆಗೆ ಕೊಡುವುದಿಲ್ಲವೆಂದು ಬೀರುವಿನಲ್ಲಿಟ್ಟಿದ್ದೇನೆ.